ವಿಧೇಯತೆಯ ಎರಡು ಮಾರ್ಗಗಳು

ಆಂಗ್ಲ ಲೇಖಕ ಜಾನ್ ಬನಿಯನ್ನನ ಗ್ರಂಥವೊಂದು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿದೆ. ಗ್ರಂಥದ ಹೆಸರನ್ನು ಬಲ್ಲವರುಂಟು. ಗ್ರಂಥಕರ್ತನು 12 ವರುಷ ಸೆರೆಮನೆಯಲ್ಲಿದ್ದನೆಂಬುದನ್ನು ಬಲ್ಲವರು ವಿರಳ. ಆ ಸೆರೆವಾಸದ ಹಿಂದಿರುವ ಧರ್ಮಜಿಜ್ಞಾಸೆಯನ್ನು ಈ ತಿಂಗಳು ವಾಚಕರ ಮುಂದಿರಿಸುತ್ತಿದ್ದೇವೆ.

ಬನಿಯನ್ ಪಂಡಿತನಲ್ಲ. ಬೆಡ್‌ಫರ್ಡ್ ಸೀಮೆಯಲ್ಲಿ ತೂತುಬಿದ್ದ ಪಾತ್ರೆಗಳನ್ನು ಸರಿಪಡಿಸಿ ಜೀವಿಸುತ್ತಿದ್ದವನು. ಅಂದಿನ ಇಂಗ್ಲೆಂಡಿನಲ್ಲಿ ಅರಸನೇ ಚರ್ಚಿನ ಅಧಿಪತಿ. ಆ ಚರ್ಚನ್ನು ಬಿಟ್ಟು ಬೇರೆ ಪ್ರಾರ್ಥನಾಕೂಟಗಳನ್ನು ನಡೆಯಿಸುವುದು 1593ರ ಕಾನೂನಿನಂತೆ ಅಪರಾಧ. 1660ರ ನವೆಂಬರಿನಲ್ಲಿ ಅಂತಹ ಕೂಟವೊಂದರಲ್ಲಿ ಬೋಧಿಸಲು ನಿಂತ ಬನಿಯನ್ನನನ್ನು ಹಿಡಿದೊಯ್ದರು. ‘ಇನ್ನು ಬೋಧಿಸೆನು’ ಎಂದು ಮಾತು ಕೊಟ್ಟಿದ್ದರೆ ಮನೆಗೆ ಮರಳಬಹುದಿತ್ತು, ಅವನು ಕೊಡಲಿಲ್ಲ.

ಮರುವರ್ಷ ಪಾಲ್ ಕಾಬ್ ಎಂಬ ನ್ಯಾಯಾಲಯದ ಅಧಿಕಾರಿಯು ಸೆರೆಮನೆಗೆ ಬಂದು, ಆಳುವವರಿಗೆ ತಲೆಬಾಗಬೇಕೆಂದು ಶಾಸ್ತ್ರವೇ ಹೇಳುವುದಲ್ಲವೇ ಎಂದು ವಾದಿಸಿದನು. ಬನಿಯನ್ನನ ಉತ್ತರದ ಸಾರವಿಷ್ಟು: ವಿಧೇಯತೆಗೆ ಎರಡು ಮಾರ್ಗಗಳು. ಮನಸ್ಸಾಕ್ಷಿಯು ಒಪ್ಪಿದುದನ್ನು ಆಚರಿಸುವುದು ಒಂದು. ಒಪ್ಪದುದನ್ನು ಆಚರಿಸದೆ, ಅದಕ್ಕಾಗಿ ಒದಗುವ ಶಿಕ್ಷೆಯನ್ನು ತಾಳಿಕೊಳ್ಳುವುದು ಇನ್ನೊಂದು.

ಆದರೆ ತಾಳಿಕೊಂಡವನು ಅವನೊಬ್ಬನೇ ಅಲ್ಲ. ಪತ್ನಿ ಎಲಿಜಬೆತ್, ಅವನ ಮೊದಲ ಹೆಂಡತಿಯ ನಾಲ್ವರು ಮಕ್ಕಳನ್ನು ಸಾಕುತ್ತಿದ್ದಳು. ಹಿರಿಯ ಮಗಳು ಮೇರಿ ಅಂಧೆ. ಗಂಡನ ಬಂಧನದ ಆಘಾತದಿಂದ ಎಲಿಜಬೆತ್ತಳಿಗೆ ಅಕಾಲ ಪ್ರಸವವಾಗಿ ಕೂಸು ಉಳಿಯಲಿಲ್ಲ. ಆದರೂ 1661ರ ಆಗಸ್ಟಿನಲ್ಲಿ ಆಕೆ ನ್ಯಾಯಾಧೀಶರೆದುರು ನಿಂತು ಬಿಡುಗಡೆಯನ್ನು ಬೇಡಿದಳು. ಬೋಧಿಸುವುದನ್ನು ಬಿಡುವನೇ ಎಂದು ಕೇಳಿದಾಗ, ಮಾತನಾಡಬಲ್ಲವರೆಗೂ ಬಿಡನೆಂದಳು. ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಕನಿಕರದಿಂದ ಆಲಿಸಿದನು, ಬಿಡುಗಡೆ ದೊರೆಯಲಿಲ್ಲ. ಬನಿಯನ್ ಸೆರೆಯಲ್ಲಿಯೇ ಲಾಡಿಗಳ ತುದಿಗೆ ಲೋಹದ ಮೊನೆ ಕೂಡಿಸಿ ಸಂಸಾರಕ್ಕೆ ನೆರವಾದನು.

1662ರಲ್ಲಿ ಏಕರೂಪತೆಯ ಶಾಸನ ಬಂದಿತು. ಪ್ರಾರ್ಥನಾಗ್ರಂಥದ ಸಕಲಕ್ಕೂ ಸಮ್ಮತಿಸದ ಪಾದ್ರಿಗಳು ಸ್ಥಾನ ಬಿಡಬೇಕಾಯಿತು. 1660ರಿಂದ 1662ರವರೆಗೆ ಸ್ಥಾನ ಕಳೆದುಕೊಂಡವರು ಸುಮಾರು 2000. ಅವರಲ್ಲಿ ಅನೇಕರು ಸಂಸಾರಸ್ಥರು.

ಇವರೆಲ್ಲ ಪೂಜ್ಯರೇ ಸರಿ. ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನೂ ನಾವು ಮರೆಮಾಚಲಾಗದು. ಇಂಗ್ಲೆಂಡಿನಲ್ಲಿ ಕಿರುಕುಳವುಂಡು ಸಮುದ್ರ ದಾಟಿದ ಪ್ಯೂರಿಟನ್ನರು ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ತಮ್ಮದೇ ಆಳ್ವಿಕೆಯನ್ನು ಸ್ಥಾಪಿಸಿದ್ದರು. ಗಡೀಪಾರಾದರೂ ಮರಳಿ ಬಂದ ಕ್ವೇಕರ್ ಪಂಥದ ಮೇರಿ ಡಯರ್ ಎಂಬ ತಾಯಿಯನ್ನು ಅವರು ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಅದು 1660ರ ಜೂನ್. ಬನಿಯನ್ನನ ಬಂಧನಕ್ಕೆ ಕೆಲವೇ ತಿಂಗಳು ಮೊದಲು. ನಿನ್ನೆ ಪೆಟ್ಟು ತಿಂದ ಕೈಯೇ ಇಂದು ಪೆಟ್ಟು ಕೊಟ್ಟಿತು.

1672ರಲ್ಲಿ ಬನಿಯನ್ನನಿಗೆ ಬಿಡುಗಡೆಯಾಯಿತು. 1689ರ ಸಹಿಷ್ಣುತಾ ಶಾಸನವು ಭಿನ್ನಮತದ ಪ್ರಾಟೆಸ್ಟಂಟರಿಗೆ ಪ್ರತ್ಯೇಕ ಆರಾಧನೆಯ ಹಕ್ಕನ್ನು ಕೊಟ್ಟಿತು. ಕ್ಯಾಥೊಲಿಕರನ್ನೂ ತ್ರಿತ್ವವನ್ನು ಒಪ್ಪದವರನ್ನೂ ಹೊರಗಿರಿಸಿತು. ಬಾಗಿಲು ತೆರೆಯಿತು, ಆದರೆ ಅರ್ಧ.

ನನ್ನ ಮನಸ್ಸಾಕ್ಷಿಗಾಗಿ ನಾನು ಕಷ್ಟಪಡುವುದು ದೊಡ್ಡದು. ನಾನೊಪ್ಪದ ಇನ್ನೊಬ್ಬರ ಮನಸ್ಸಾಕ್ಷಿಗೆ ಎಡೆ ಕೊಡುವುದು ಅದಕ್ಕಿಂತ ದೊಡ್ಡದು. ಮೊದಲನೆಯದನ್ನು ಸಾಧಿಸಿದವರು ಇತಿಹಾಸದಲ್ಲಿ ಸಾವಿರಾರು. ಎರಡನೆಯದನ್ನು ಸಾಧಿಸಿದವರನ್ನು ದೀಪ ಹಿಡಿದು ಹುಡುಕಬೇಕಾಗಿದೆ. ಆ ಹುಡುಕಾಟವು ನಮ್ಮ ನಮ್ಮ ಮನೆಗಳಿಂದಲೇ ಮೊದಲಾಗಲೆಂದು ಹಾರೈಸುತ್ತೇವೆ.