ರುಜುವಾತಿನ ಹೊರೆ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರು ಸುಮಾರು 58,000 ಚದರ ಕಿಲೋಮೀಟರ್ ನೆಲ ತಮ್ಮದೆಂದು ದಾವೆ ಹೂಡಿದ್ದರು. 1987ರಲ್ಲಿ ವಿಚಾರಣೆ ಶುರುವಾದಾಗ ಅವರ ಕೈಯಲ್ಲಿ ಕ್ರಯಪತ್ರವೂ ಇರಲಿಲ್ಲ, ನಮ್ಮ ಪಹಣಿಯಂಥದ್ದೂ ಇರಲಿಲ್ಲ. ಇದ್ದದ್ದು ಮನೆತನದ ಹಾಡುಗಳು, ಆ ನೆಲದೊಂದಿಗೆ ತಮ್ಮ ನಂಟನ್ನು ಹೇಳುವ ಕಥನಗಳು. ಮೇರಿ ಜಾನ್ಸನ್ ಎಂಬ ಹಿರಿಯೆ ಅಂಥದೊಂದು ಹಾಡನ್ನು ಸಾಕ್ಷ್ಯವಾಗಿ ಹಾಡಲು ಹೊರಟರು. ನ್ಯಾಯಾಧೀಶರು ತಡೆದು, ತಮ್ಮ ಕಿವಿಗೆ ಸಂಗೀತ ಹತ್ತುವುದಿಲ್ಲ, ಹಾಡಿದರೂ ಉಪಯೋಗವಿಲ್ಲ ಎಂದರು. 1991ರ ತೀರ್ಪು ಆ ಜನರ ವಿರುದ್ಧ ಬಂತು.

ನೆಲ ಯಾರದು ಎಂಬ ಪ್ರಶ್ನೆಗೆ ಮೊದಲೇ ಇನ್ನೊಂದು ಪ್ರಶ್ನೆಯಿದೆ: ಅದನ್ನು ರುಜುವಾತು ಮಾಡಬೇಕಾದವರು ಯಾರು? ವಸಾಹತು ಕಾನೂನು ಈ ಹೊರೆಯನ್ನು ಮೊದಲಿನಿಂದ ಇದ್ದವರ ತಲೆಗೆ ಹೊರಿಸಿತು, ಆಮೇಲೆ ಬಂದವರನ್ನು ಬಿಟ್ಟುಬಿಟ್ಟಿತು. ಆದಿವಾಸಿಗಳಿಗಾದ ಅನ್ಯಾಯದ ತಾಯಿಬೇರು ಇದೇ ಎಂದು ನನ್ನ ನಂಬಿಕೆ.

ನಮ್ಮಲ್ಲಿ ಇದನ್ನು ಮಾಡಿದ್ದು 1878ರ ಭಾರತೀಯ ಅರಣ್ಯ ಕಾಯಿದೆ. ಸರ್ಕಾರ ಒಂದು ಕಾಡನ್ನು ಮೀಸಲು ಮಾಡುವುದಾಗಿ ಅಧಿಸೂಚನೆ ಹೊರಡಿಸುತ್ತದೆ. ಹಕ್ಕಿದ್ದವರು ಅರಣ್ಯ ವ್ಯವಸ್ಥಾಪನಾಧಿಕಾರಿಯ ಮುಂದೆ ಬಂದು ಹೇಳಿಕೊಳ್ಳಬೇಕು. ಅದಕ್ಕೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಗಡುವು. ಬಾರದವರ ಹಕ್ಕು, ಅಧಿಕಾರಿಯ ವಿಚಾರಣೆಯಲ್ಲಿ ತಾನಾಗಿ ಗೊತ್ತಾಗದಿದ್ದರೆ, ನಂದಿಹೋಗುತ್ತದೆ. ಓದುಬರಹದ ಗೋಜಿಲ್ಲದೆ, ಕಚೇರಿಯ ಮೆಟ್ಟಿಲು ಹತ್ತದೆ ತಲೆಮಾರುಗಳನ್ನು ಕಳೆದ ಹಾಡಿಯ ಜನರಿಗೆ ಆ ಅಧಿಸೂಚನೆ ತಲುಪುವುದಾದರೂ ಹೇಗೆ? 1927ರ ಕಾಯಿದೆಯಲ್ಲೂ ಇದೇ ವಿಧಾನ ಉಳಿಯಿತು. ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ ಹಕ್ಕೇ ಅಲ್ಲ, ಸರ್ಕಾರ ಬೇಕೆಂದಾಗ ನಿಲ್ಲಿಸಬಹುದಾದ ಸವಲತ್ತು ಎಂದೂ ಅದರಲ್ಲಿ ಬರೆದಿದೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟದವರಿಗೆ ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಸೊಪ್ಪಿನ ಬೆಟ್ಟದ ಸವಲತ್ತಾದರೂ ದಕ್ಕಿತು, ಕುಮರಿ ಮಾಡುತ್ತಿದ್ದವರಿಗೆ ಅದೂ ಇಲ್ಲ. ತೋಟಕ್ಕೆ ಕಂದಾಯದ ಲೆಕ್ಕವಿತ್ತು, ಕುಮರಿ ಇಂದು ಇಲ್ಲಿ, ನಾಳೆ ಅಲ್ಲಿ.

ಆ ಕಾಲಕ್ಕೆ ಇದೆಲ್ಲ ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಕಾಡಿನ ಪೂರ್ತಿ ಒಡೆತನ ಸರ್ಕಾರದ್ದೇ, ಜನ ಅನುಭವಿಸುತ್ತಿದ್ದದ್ದು ಕೃಪೆಯಷ್ಟೇ ಎಂದು ಬ್ರಿಟಿಷ್ ಅಧಿಕಾರಿ ಬೇಡನ್-ಪೊವೆಲ್ ವಾದಿಸುತ್ತಿದ್ದಾಗ, ಮದ್ರಾಸಿನ ಕಂದಾಯ ಮಂಡಳಿ ವಿರೋಧಿಸಿತು. ಪ್ರೆಸಿಡೆನ್ಸಿಯ ಹೆಚ್ಚುಕಡಿಮೆ ಎಲ್ಲ ಕಾಡೂ ಯಾವುದಾದರೊಂದು ಹಳ್ಳಿಯ ಎಲ್ಲೆಯೊಳಗೇ ಇದೆ ಎಂಬುದು ಮಂಡಳಿಯ ನಿಲುವಾಗಿತ್ತು. ಹೀಗೆ ಹೇಳಿದ್ದು ಬ್ರಿಟಿಷ್ ಸರ್ಕಾರದ್ದೇ ಒಂದು ಅಂಗ. ಆದರೂ 1882ರಲ್ಲಿ ಮದ್ರಾಸಿಗೂ ಅರಣ್ಯ ಕಾಯಿದೆ ಬಂತು.

ಎಲ್ಲೆ ಎಂಬ ಮಾತು ಬಂದಾಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೆನೆಯಲೇಬೇಕು. ಅವರಲ್ಲಿ ಕುಲಕುಲಕ್ಕೂ ಒಂದೊಂದು ಎಲ್ಲೆ. ಅದರೊಳಗೆ ಆ ಕುಲದ ದೇವರು, ಮಾರಮ್ಮ, ನೀರಿನ ತಾಣ, ಸತ್ತವರ ಹೆಸರಲ್ಲಿ ನೆಟ್ಟ ಕಲ್ಲು. ಬೇಸಗೆಗೆ ಮುಂಚೆ ನೆಲದ ಒಣ ಎಲೆ ಸುಡುವ ತರಗು ಬೆಂಕಿ ಅವರ ವಾಡಿಕೆಯಾಗಿತ್ತು. ಅದು ನಿಂತ ಮೇಲೆಯೇ ಕಾಡಿನಲ್ಲಿ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಾರೆ. 1974ರಲ್ಲಿ ಅಲ್ಲಿ ವನ್ಯಧಾಮವಾಯಿತು. ಕಾಡಿನೊಳಗಿನ ಬೇಸಾಯ ನಿಂತಿತು, ಜನ ಪೋಡುಗಳೆಂಬ ಹಾಡಿಗಳಲ್ಲಿ ನೆಲೆ ನಿಲ್ಲಬೇಕಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಆ ಕಾಡಿನಲ್ಲಿ ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದಕ್ಕಿದ್ದು ದೊಡ್ಡ ಗೆಲುವು. ತಾತನ ಕಾಲದಿಂದ ತಮ್ಮದಾಗಿದ್ದ ಜೇನು, ನೆಲ್ಲಿಕಾಯಿ, ಮರದ ಪಾಸಿಗಾಗಿ ಅರ್ಜಿ ಹಾಕಿ ಗೆಲ್ಲಬೇಕಾಯಿತಲ್ಲ ಎಂಬುದು ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ.

ಆದಿವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಸೋಲಿಗರಿಗೆ ಆ ಹಕ್ಕು ಕೊಟ್ಟ 2006ರ ಅರಣ್ಯ ಹಕ್ಕು ಕಾಯಿದೆ ತನ್ನ ಪೀಠಿಕೆಯಲ್ಲೇ ಒಪ್ಪಿಕೊಳ್ಳುತ್ತದೆ. ಸಮಾಧಿ, ಬಾವಿ, ದೇವರ ಬನ, ಹಿರಿಯರ ಬಾಯಿಮಾತು ಇವೆಲ್ಲವನ್ನೂ ಅದರ ನಿಯಮಗಳು ಸಾಕ್ಷ್ಯವೆಂದು ಮಾನ್ಯ ಮಾಡುತ್ತವೆ. ಇದನ್ನು ಬರೆದವರಿಗೆ ನಾನು ಕೈಮುಗಿಯುತ್ತೇನೆ. ಆದರೆ 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದೇ ತಿಂಗಳ 28ರಂದು ತಡೆ ಸಿಕ್ಕಿತು, ನಿಜ. ಆ ನಡುವಿನ ಎರಡು ವಾರ ನಮಗೆ ತೋರಿಸಿದ್ದು ಇಷ್ಟು: ಹಕ್ಕು ಕೇಳಿ ಹಾಕಿದ ಅರ್ಜಿ ತಿರಸ್ಕೃತವಾದರೆ, ಅದೇ ಅರ್ಜಿದಾರ ಒತ್ತುವರಿದಾರನಾಗಿಬಿಡುತ್ತಾನೆ.

ಒಕ್ಕಲೆಬ್ಬಿಸಲ್ಪಟ್ಟವರನ್ನೇ ‘ನೀವು ಅಲ್ಲಿ ಇರಲಿಲ್ಲವಲ್ಲ’ ಎಂದು ಕೇಳುವುದು ಇನ್ನೂ ಕ್ರೂರ. ಆಸ್ಟ್ರೇಲಿಯಾದಲ್ಲಿ ಯಾರಿಗೂ ಸೇರದ ನೆಲ ಎಂಬ ಹಳೆಯ ಸುಳ್ಳನ್ನು ಹೈಕೋರ್ಟಿನ 1992ರ ಮಾಬೋ ತೀರ್ಪು ಕಿತ್ತೊಗೆಯಿತು. ಅದಾಗಿ ಹತ್ತು ವರ್ಷಕ್ಕೆ ಅದೇ ಹೈಕೋರ್ಟು ಯೋರ್ಟಾ ಯೋರ್ಟಾ ಎಂಬ ಆದಿವಾಸಿ ಜನರ ನೆಲದ ಹಕ್ಕಿನ ಮನವಿಯನ್ನು ತಳ್ಳಿಹಾಕಿತು. ಹಳೆಯ ಕಟ್ಟುಕಟ್ಟಳೆಯೊಂದಿಗಿನ ಕೊಂಡಿ ಕಳಚಿದೆ ಎಂಬುದು ಕಾರಣ. ಕಳಚಿದವರು ಯಾರು ಎಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಕಾಗದ ಬೇಡವೆಂದರೆ ಯಾರು ಬೇಕಾದರೂ ಬಂದು ಕಾಡು ತಮ್ಮದು ಎನ್ನಬಹುದಲ್ಲ ಎಂಬ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಾಗದ ಬರೆದವರು, ಇಟ್ಟುಕೊಂಡವರು ಯಾರು? ವ್ಯವಸ್ಥಾಪನೆಯ ಕಡತ, ಕಾರ್ಯಯೋಜನೆ, ಹಳೆಯ ನಕ್ಷೆ ಎಲ್ಲ ಸರ್ಕಾರದ ಬೀರುವಿನಲ್ಲೇ ಇವೆ. ಗ್ರಾಮಸಭೆ ‘ಇವರು ನಮ್ಮವರು, ಇದು ಇವರ ನೆಲ’ ಎಂದ ಮೇಲೆ ಅದನ್ನು ಸುಳ್ಳೆಂದು ತೋರಿಸುವ ಹೊಣೆ ಅರಣ್ಯ ಇಲಾಖೆಯದಾಗಲಿ. ಬರೆಯಬಲ್ಲವರೇ ಬರೆದದ್ದನ್ನು ಹಾಜರುಪಡಿಸಲಿ.

ಕೆನಡಾದ ಸುಪ್ರೀಂ ಕೋರ್ಟು 1997ರಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರ ವಿರುದ್ಧದ ಆ ಹಳೆಯ ತೀರ್ಪನ್ನು ಬದಿಗಿಟ್ಟು, ಮೌಖಿಕ ಪರಂಪರೆಯನ್ನೂ ದಾಖಲೆಗಳಿಗೆ ಸಮನಾಗಿ ತೂಗಬೇಕೆಂದು ಹೇಳಿ, ಮರುವಿಚಾರಣೆಗೆ ಆದೇಶಿಸಿತು. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ, ದಶಕಗಳ ಹಿಂದೆ ಕಾಡು ಬಿಡಬೇಕಾಗಿ ಬಂದಿದ್ದ ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಹೋಗಿ ಗುಡಿಸಲು ಕಟ್ಟಿದವು. ಅಪ್ಪ, ಅಜ್ಜಂದಿರನ್ನು ಮಣ್ಣು ಮಾಡಿದ ಜಾಗಗಳು ಅಲ್ಲೇ ಇವೆ.