ಚಂಡಮಾರುತ ಕಳೆದ ಮೇಲೆ ಬೇಕಾದದ್ದು ಕೈಗಡ

ಚಂಡಮಾರುತ ಒಂದು ರಾತ್ರಿಯಲ್ಲಿ ಹಾದುಹೋಗುತ್ತದೆ. ಅದು ಮಾಡಿದ ನಷ್ಟವನ್ನು ತುಂಬಿಕೊಳ್ಳಲು ಸಣ್ಣ ವ್ಯಾಪಾರಿಗೆ ವರ್ಷಗಳೇ ಹಿಡಿಯುತ್ತವೆ. ಛಾವಣಿ ಹಾರಿಹೋದ ಅಂಗಡಿಯಲ್ಲಿ ಮಾಲು ನೆನೆದು ಹಾಳಾಗಿರುತ್ತದೆ; ಆದರೆ ಬಾಡಿಗೆ, ಆಳುಗಳ ಸಂಬಳ, ಬ್ಯಾಂಕಿನ ಕಂತು ಇವಕ್ಕೆ ರಜೆ ಇಲ್ಲ. ಇಂಥವರಿಗೆ ಎಷ್ಟು ನೆರವು ಕೊಡಬೇಕೆಂಬ ಚರ್ಚೆ ಎಲ್ಲೆಡೆಯೂ ನಡೆಯುತ್ತದೆ. ಯಾವಾಗ ಕೊಡಬೇಕೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ. ಚಂಡಮಾರುತಗಳಿಗೆ ಮತ್ತೆ ಮತ್ತೆ ತುತ್ತಾಗುವ ಅಮೆರಿಕದ ಅನುಭವವೇ ಇದಕ್ಕೆ ಸಾಕ್ಷಿ.

ಆ ದೇಶದಲ್ಲಿ 1953ರಲ್ಲಿ ಸ್ಥಾಪನೆಯಾದ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆಯಿದೆ. ವಿಪತ್ತಿಗೆ ಸಿಕ್ಕಿದ ವ್ಯಾಪಾರಕ್ಕೆ ಅದು 20 ಲಕ್ಷ ಡಾಲರುಗಳವರೆಗೆ ಸಾಲ ಕೊಡುತ್ತದೆ. ಬೇರೆಡೆ ಸಾಲ ಹುಟ್ಟದವರಿಗೆ ಬಡ್ಡಿ ಶೇಕಡಾ 4ನ್ನು ಮೀರುವಂತಿಲ್ಲ. ಅವಧಿ 30 ವರ್ಷಗಳವರೆಗೂ ಇರಬಹುದು. ಷರತ್ತುಗಳು ಉದಾರವಾಗಿಯೇ ಇವೆ. ಆದರೆ 'ದೇವರು ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ಅಲ್ಲಿಗೂ ಸಲ್ಲುತ್ತದೆ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಲೂಸಿಯಾನ, ಮಿಸಿಸಿಪಿ ತೀರಗಳನ್ನು ಅಪ್ಪಳಿಸಿತು. ಸಾಲದ ಅರ್ಜಿಯೊಂದನ್ನು 21 ದಿನಗಳೊಳಗೆ ಇತ್ಯರ್ಥ ಮಾಡಬೇಕೆಂಬುದು ಸಂಸ್ಥೆಯ ಗುರಿಯಾಗಿತ್ತು. 2006ರ ಮೇ ಅಂತ್ಯದವರೆಗಿನ ಲೆಕ್ಕ ನೋಡಿದ ಅಲ್ಲಿನ ಸರ್ಕಾರಿ ಲೆಕ್ಕ ತಪಾಸಣಾ ಕಚೇರಿ, ಸರಾಸರಿ ಸುಮಾರು 74 ದಿನ ಹಿಡಿದಿದೆಯೆಂದು ವರದಿ ಮಾಡಿತು. ಎರಡೂವರೆ ತಿಂಗಳು ಬಾಗಿಲು ಮುಚ್ಚಿದ ಅಂಗಡಿಯ ಗಿರಾಕಿ ಬೇರೆ ಅಂಗಡಿ ಹಿಡಿದಿರುತ್ತಾನೆ, ಆಳು ಬೇರೆ ಕೆಲಸ ಹಿಡಿದಿರುತ್ತಾನೆ.

ಇದೇ ತೊಂದರೆ ಬೇರೊಂದು ರೂಪದಲ್ಲಿ ಮರಳಿ ಬಂತು. 2024ರ ಸೆಪ್ಟೆಂಬರ್ 26ರಂದು ಹೆಲೀನ್, ಅಕ್ಟೋಬರ್ 9ರಂದು ಮಿಲ್ಟನ್ ಚಂಡಮಾರುತ ಬಂದವು. ಅಕ್ಟೋಬರ್ 15ಕ್ಕೆ ವಿಪತ್ತು ಸಾಲದ ಹಣವೇ ಮುಗಿದುಹೋಯಿತೆಂದು ಸಂಸ್ಥೆ ಸಾರಬೇಕಾಯಿತು. ಅಲ್ಲಿನ ಸಂಸತ್ತು ಮತ್ತೆ ಹಣ ಒದಗಿಸಿದ್ದು ಡಿಸೆಂಬರಿನಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎನ್ನುವುದು ಇದಕ್ಕೇ.

ಫ್ಲೋರಿಡಾ ರಾಜ್ಯ ಮಾತ್ರ ಮೊದಲೇ ಒಂದು ದಾರಿ ಕಂಡುಕೊಂಡಿತ್ತು. 1992ರ ಆಂಡ್ರೂ ಚಂಡಮಾರುತದ ನಂತರ ಅದು ಸಣ್ಣ ವ್ಯಾಪಾರಗಳಿಗೆ ಬಡ್ಡಿಯಿಲ್ಲದ ಅಲ್ಪಾವಧಿ ಸಾಲ ಕೊಡತೊಡಗಿತು. 2022ರ ಇಯಾನ್ ಚಂಡಮಾರುತದ ಸಮಯದಲ್ಲಿ ಇದರ ಮಿತಿ 50,000 ಡಾಲರ್. ವಿಮೆಯ ಹಣವೋ ದೊಡ್ಡ ಸಾಲವೋ ಕೈಸೇರುವವರೆಗೆ ಬಾಗಿಲು ತೆರೆದಿಡಲು ಇದು ಆಸರೆ. ನಮ್ಮ ಹಳ್ಳಿಗಳಲ್ಲಿ ಕೈಗಡ ಎನ್ನುತ್ತೇವಲ್ಲ, ಇದು ಅದೇ.

ಕೈಗಡದಿಂದ ಎಲ್ಲವೂ ನೀಗುವುದಿಲ್ಲ ಎಂಬುದನ್ನೂ ಹೇಳಬೇಕು. 2017ರ ಸೆಪ್ಟೆಂಬರ್ 20ರಂದು ಮಾರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಕಾಫಿ ತೋಟಗಳನ್ನು ನೆಲಕ್ಕೆ ಕೆಡವಿತು. ಸುಮಾರು ಶೇಕಡಾ 80ರಷ್ಟು ಗಿಡಗಳು ನಾಶವಾದವೆಂದು ಅಂದಾಜು. ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕೆಂಬುದನ್ನು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟು ದಿನ ಬೆಳೆಗಾರನ ಕೈಯಲ್ಲಿ ಹಣವಿಲ್ಲದಿದ್ದರೆ ಅವನನ್ನು ನಂಬಿದ ನರ್ಸರಿ, ಗೊಬ್ಬರದ ಅಂಗಡಿ, ಲಾರಿ ಎಲ್ಲವೂ ಸೊರಗುತ್ತವೆ. ಅಂಥಲ್ಲಿ ಸಾಲದ ಜೊತೆಗೆ ಸಹಾಯಧನವೂ ಬೇಕು, ಮೊದಲ ಕಂತಿಗೆ ಬಿಡುವೂ ಬೇಕು.

ಅಮೆರಿಕದ ಆ ಸಂಸ್ಥೆ ರೈತನಿಗೆ ಬಹುಮಟ್ಟಿಗೆ ಸಾಲ ಕೊಡುವುದಿಲ್ಲ. ಅವನು ಕೃಷಿ ಇಲಾಖೆಗೆ ಹೋಗಬೇಕು. ಆದರೆ ಸಣ್ಣ ಕೃಷಿ ಸಹಕಾರ ಸಂಘಗಳು ಅದರ ದುಡಿಯುವ ಬಂಡವಾಳದ ಸಾಲಕ್ಕೆ ಅರ್ಹವಾಗಿವೆ. ರೈತನಿಗೂ ವ್ಯಾಪಾರಕ್ಕೂ ನಡುವಣ ಕೊಂಡಿ ಸಹಕಾರ ಸಂಘವೇ ಎಂಬುದನ್ನು ಅಲ್ಲಿನ ಕಾನೂನು ಒಪ್ಪಿಕೊಂಡಂತಾಯಿತು.

ನಮ್ಮ ಮಲೆನಾಡಿಗೆ ಅಂಥ ಚಂಡಮಾರುತ ಬಾರದಿರಬಹುದು. ಮಳೆ, ಗಾಳಿ, ಭೂಕುಸಿತ ಬರುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜರಿದು ತೋಟಗಳ ಮೇಲೆ ಬಿದ್ದವು. ಅಂದಿನ ವಿಪತ್ತು ಪರಿಹಾರದ ನಿಯಮದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ, ಅದೂ 2 ಹೆಕ್ಟೇರ್ ಮಿತಿಯಲ್ಲಿ. ಬೆಳೆ ಪರಿಹಾರದ ಆ ಪಟ್ಟಿಯಲ್ಲಿ ಅಂಗಡಿಯವನಿಗೆ, ಗಿರಣಿಯವನಿಗೆ ಜಾಗವೇ ಇಲ್ಲ.

ಆದ್ದರಿಂದ ನಮ್ಮ ಸಲಹೆ ಇದು. ಪ್ರತಿಯೊಂದು ಸಂಘವೂ ವರ್ಷದ ಲಾಭದಲ್ಲಿ ಒಂದು ಸಣ್ಣ ಪಾಲನ್ನು ವಿಪತ್ತಿನ ಕೈಗಡಕ್ಕೆಂದೇ ಬೇರೆಯಾಗಿ ತೆಗೆದಿಡಲಿ. ಮಿತಿ, ಅವಧಿ, ಮಂಜೂರಾತಿಯ ಕ್ರಮ ಇವನ್ನೆಲ್ಲ ಮಳೆಗಾಲಕ್ಕೆ ಮುನ್ನವೇ ಗೊತ್ತುಪಡಿಸಲಿ. ಅರ್ಜಿ ಬಂದ ವಾರದೊಳಗೆ ಹಣ ಕೈಸೇರಲಿ. ವಸೂಲಿಯನ್ನು ಮುಂದಿನ ಫಸಲಿನ ಲೆಕ್ಕದಲ್ಲಿ ಹಿಡಿದುಕೊಳ್ಳಲಿ.

ಕೊಟ್ಟ ಹಣ ಮರಳಿ ಬರುವುದೇ ಎಂದು ಕೆಲವು ಸದಸ್ಯರು ಕೇಳುವುದು ಸಹಜ. ದೂರದ ಕಚೇರಿಗೆ ಅರ್ಜಿದಾರನೆಂದರೆ ಒಂದು ಕಾಗದ. ಸಂಘಕ್ಕಾದರೋ ಅವನು ಎಷ್ಟು ವರ್ಷದಿಂದ ಎಷ್ಟು ಮೂಟೆ ತಂದು ಹಾಕಿದ್ದಾನೆಂಬ ಲೆಕ್ಕ ಕೈಯಲ್ಲೇ ಇದೆ. ಅದಕ್ಕಿಂತ ಒಳ್ಳೆಯ ಜಾಮೀನು ಯಾವುದು? ಎಲ್ಲರಿಗೂ ಒಮ್ಮೆಗೇ ಆಪತ್ತು ಬಂದರೆ ನಿಧಿ ಬರಿದಾಗುವುದೆಂಬ ಆಕ್ಷೇಪಣೆ ಮಾತ್ರ ತೂಕದ್ದು. ಅದಕ್ಕಾಗಿಯೇ ಒಬ್ಬೊಬ್ಬರಿಗೆ ಕೊಡುವ ಮೊತ್ತ ಚಿಕ್ಕದಾಗಿರಬೇಕು, ನೆರೆಯ ಸಂಘಗಳು ಪರಸ್ಪರ ಕೈ ಜೋಡಿಸಬೇಕು.

ಸರ್ಕಾರದ ನೆರವನ್ನು ಕೇಳುವ ಹಕ್ಕನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ಅದು ಬರುವವರೆಗೆ ಸದಸ್ಯನ ಒಲೆ ಉರಿಯುವಂತೆ, ಅಂಗಡಿಯ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವ ಹೊಣೆ ಸಂಘದ್ದು. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಿ, ಸಾಧಕ ಬಾಧಕಗಳನ್ನು ಚರ್ಚಿಸಿ ಒಂದು ನಿರ್ಣಯಕ್ಕೆ ಬರಬೇಕೆಂದು ಕೋರುತ್ತೇವೆ.