ಕತ್ತರಿಯಿಂದ ಕಂಪ್ಯೂಟರ್‌ವರೆಗೆ

ಒಂದು ಕುರ್ತಾ ಹೊಲಿಯುವಾಗ ಅತಿ ಹೆಚ್ಚು ಎಚ್ಚರ ಬೇಕಾಗುವುದು ಯಾವಾಗ? ಹೊಲಿಗೆ ಬಲ್ಲ ಯಾವ ಸಹೋದರಿಯನ್ನು ಕೇಳಿದರೂ ಕತ್ತರಿ ಹಾಕುವಾಗ ಎಂದೇ ಹೇಳುತ್ತಾರೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಆದ್ದರಿಂದಲೇ ಬಟ್ಟೆ ಹಾಸಿ, ಮಡಚಿ, ಚಾಕ್‌ನಿಂದ ಗುರುತು ಹಾಕಿ, ತೋಳಿಗೆ ಸಾಕಾದೀತೇ, ಉಳಿದ ತುಂಡಿನಲ್ಲಿ ಮಗುವಿಗೊಂದು ಅಂಗಿ ಆದೀತೇ ಎಂದು ಲೆಕ್ಕ ಹಾಕಿದ ನಂತರವೇ ಕತ್ತರಿ ಕೈಗೆ ಬರುತ್ತದೆ.

ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ ಕೆಲಸ. ಆದರೆ ಅಲ್ಲಿ ಸಾವಿರಾರು ಕುರ್ತಾಗಳಿಗೆ ಒಮ್ಮೆಗೇ ಈ ಲೆಕ್ಕ ಆಗಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಚಾಕ್ ಮತ್ತು ಕತ್ತರಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಪರದೆಯ ಮೇಲೆ ವಸ್ತುವಿನ ರೂಪ ಬಿಡಿಸುವುದನ್ನು 'ಕ್ಯಾಡ್' ಎನ್ನುತ್ತಾರೆ. ಆ ಚಿತ್ರದಂತೆ ಕಂಪ್ಯೂಟರೇ ಯಂತ್ರವನ್ನು ನಡೆಸಿ ವಸ್ತು ತಯಾರಿಸುವುದು 'ಕ್ಯಾಮ್'. ಕಾರು, ವಿಮಾನ, ಕೃತಕ ಹಲ್ಲು, ನಾವು ತೊಡುವ ಬಟ್ಟೆ ಎಲ್ಲದರಲ್ಲೂ ಇಂದು ಇವುಗಳ ಪಾತ್ರವಿದೆ.

ಕಬ್ಬಿಣದಿಂದ ಬಟ್ಟೆಗೆ

ಈ ತಂತ್ರಜ್ಞಾನ ಹುಟ್ಟಿದ್ದು ಬಟ್ಟೆಗಾಗಿ ಅಲ್ಲ. 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ, ರಂಧ್ರ ಕೊರೆದ ಪಟ್ಟಿಯ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರವನ್ನು ಪ್ರದರ್ಶಿಸಲಾಯಿತು. 1963ರಲ್ಲಿ ಅದೇ ಸಂಸ್ಥೆಯ ವಿದ್ಯಾರ್ಥಿ ಐವನ್ ಸದರ್ಲೆಂಡ್ ಬೆಳಕಿನ ಲೇಖನಿಯಿಂದ ನೇರವಾಗಿ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಬಿಡಿಸುವ 'ಸ್ಕೆಚ್‌ಪ್ಯಾಡ್' ರೂಪಿಸಿದರು. ಅದೇ ದಶಕದಲ್ಲಿ ಫ್ರಾನ್ಸ್‌ನ ರೆನೋ ಕಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಝಿಯೆ, ಕೆಲವೇ ಬಿಂದುಗಳಿಂದ ನಯವಾದ ಬಾಗು ಗೆರೆ ಬರೆಯುವ ವಿಧಾನವನ್ನು ಬಳಕೆಗೆ ತಂದರು. ಕಾರಿನ ಮೈಯ ಬಾಗಿಗೆಂದು ಬಂದ ಆ ವಿಧಾನದಿಂದಲೇ ಇಂದು ಎಷ್ಟೋ ಸಾಫ್ಟ್‌ವೇರ್‌ಗಳು ಕುರ್ತಾದ ಕುತ್ತಿಗೆ ಮತ್ತು ಕಂಕುಳ ಸುತ್ತಿನ ಗೆರೆ ಬರೆಯುತ್ತವೆ.

ಬಟ್ಟೆ ಕತ್ತರಿಸುವ ಯಂತ್ರದ ಹಿಂದೆ ಇರುವ ಹೆಸರು ಜೋಸೆಫ್ ಗರ್ಬರ್. 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ಯಹೂದಿ ಹುಡುಗ ನಾಜಿಗಳ ಹಿಂಸೆಯಿಂದ ಪಾರಾಗಿ, 1940ರಲ್ಲಿ ತಾಯಿಯೊಂದಿಗೆ ಅಮೆರಿಕ ಸೇರಿದ. ಕಾಲೇಜಿನಲ್ಲಿರುವಾಗ ತನ್ನ ಪೈಜಾಮದ ಸೊಂಟದ ಎಲಾಸ್ಟಿಕ್ ತೆಗೆದು, ಅದರ ಮೇಲೆ ಗುರುತು ಹಾಕಿ, ಹಿಗ್ಗಿಸಿದಷ್ಟೂ ಸಮನಾಗಿ ಹಿಗ್ಗುವ ಅಳತೆಪಟ್ಟಿ ಮಾಡಿಕೊಂಡ. ಮುಂದೆ ಅದೇ ಅವನ ಕಂಪನಿಗೆ ಬುನಾದಿಯಾಯಿತು. 1960ರ ದಶಕದ ಕೊನೆಯಲ್ಲಿ ಗರ್ಬರ್ ಬಟ್ಟೆಯತ್ತ ಹೊರಳಿದರು. ಲೋಹ ಗಟ್ಟಿ, ಇಟ್ಟಲ್ಲೇ ಇರುತ್ತದೆ. ಬಟ್ಟೆ ಹಾಗಲ್ಲ, ಜಾರುತ್ತದೆ, ಸುಕ್ಕಾಗುತ್ತದೆ. ಇದಕ್ಕೆ ಅವರು ಕಂಡ ಉಪಾಯ ಸರಳ. ಬ್ರಶ್ಶಿನಂತಹ ಹಾಸಿನ ಮೇಲೆ ಹತ್ತಾರು ಪದರ ಬಟ್ಟೆ ಹರಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೆಳಗಿನಿಂದ ಗಾಳಿ ಹೀರಿದರೆ ಎಲ್ಲ ಪದರಗಳೂ ಬಿಗಿಯಾಗಿ ಅಂಟಿ ನಿಲ್ಲುತ್ತವೆ. ಕಂಪ್ಯೂಟರ್ ನಡೆಸುವ ಚಾಕು ಆಗ ಗೆರೆ ತಪ್ಪದೆ ಕತ್ತರಿಸುತ್ತದೆ.

ಪರದೆಯ ಮೇಲಿನ ಲೆಕ್ಕ

ಕ್ಯಾಡ್‌ನಲ್ಲಿ ಮೊದಲು ಒಂದು ಅಳತೆಯ ಪ್ಯಾಟರ್ನ್ ಸಿದ್ಧವಾಗುತ್ತದೆ. ನಂತರ ಅದನ್ನು ಬೇರೆ ಬೇರೆ ಅಳತೆಗೆ ಹೊಂದಿಸಬೇಕು. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. 36ರ ಎದೆಸುತ್ತನ್ನು 38 ಮಾಡಲು ಎರಡು ಇಂಚು ಹೆಚ್ಚಬೇಕು, ಎಂದರೆ ಹಿಂದೆ ಮುಂದೆ ಸೇರಿ ನಾಲ್ಕು ಕಾಲುಭಾಗಗಳಿಗೆ ತಲಾ ಅರ್ಧ ಇಂಚು. ಆದರೆ ಕುತ್ತಿಗೆ, ಭುಜ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಫೋಟೋ ದೊಡ್ಡದು ಮಾಡಿದಂತೆ ಪ್ಯಾಟರ್ನನ್ನೂ ದೊಡ್ಡದು ಮಾಡಿದರೆ ಭುಜ ಜಾರಿ ಬೀಳುತ್ತದೆ. ಎಲ್ಲಿ ಎಷ್ಟು ಹೆಚ್ಚಿಸಬೇಕು ಎಂಬ ನಿಯಮವನ್ನು ಕಂಪ್ಯೂಟರಿಗೆ ಕೊಡುವವರು ಹೊಲಿಗೆ ಬಲ್ಲ ಮನುಷ್ಯರೇ.

ಮುಂದಿನದು ಮಾರ್ಕರ್. ಕುರ್ತಾದ ತುಂಡುಗಳನ್ನೆಲ್ಲ ಬಟ್ಟೆಯ ಅಗಲದೊಳಗೆ ಒತ್ತೊತ್ತಾಗಿ, ನೂಲಿನ ದಿಕ್ಕು ಕೆಡದಂತೆ ಜೋಡಿಸುವುದು. ಒಂದು ಲೆಕ್ಕ ನೋಡಿ. ಹತ್ತು ಸಾವಿರ ಕುರ್ತಾಗಳಿಗೆ ತಲಾ ಎರಡೂವರೆ ಮೀಟರಿನಂತೆ 25,000 ಮೀಟರ್ ಬಟ್ಟೆ ಬೇಕು. ಜೋಡಣೆ ಸುಧಾರಿಸಿ ನೂರಕ್ಕೆ ಎರಡರಷ್ಟು ಉಳಿಸಿದರೂ 500 ಮೀಟರ್ ಉಳಿಯಿತು, ಅಂದರೆ ಇನ್ನೂ 200 ಕುರ್ತಾಗಳಿಗೆ ಸಾಕು! ಆದರೆ ಪರದೆಯ ಮೇಲೆ ಆದ ಒಂದು ತಪ್ಪು ಗಮನಕ್ಕೆ ಬಾರದೆ ಹೋದರೆ ಅಷ್ಟೂ ಕುರ್ತಾಗಳಲ್ಲಿ ಅದೇ ತಪ್ಪು.

ಕಂಪ್ಯೂಟರ್ ಎಂಬ್ರಾಯಿಡರಿಯದೂ ಇದೇ ಕತೆ. ನೂಲು ಬಟ್ಟೆಯನ್ನು ಎಳೆಯುವುದರಿಂದ, ಪರದೆಯ ಮೇಲೆ ದುಂಡಗಿದ್ದ ಹೂವು ಹೊಲಿದಾಗ ಮೊಟ್ಟೆಯಾಕಾರ ತಾಳುತ್ತದೆ. ಆ ಎಳೆತವನ್ನು ಮೊದಲೇ ಊಹಿಸಿ ಚಿತ್ರವನ್ನು ತಿದ್ದಬೇಕು. ಕೈಯಲ್ಲಿ ಕಸೂತಿ ಹಾಕಿದವರಿಗೆ ಈ ಊಹೆ ಬೇಗ ಬರುತ್ತದೆ.

ನಮ್ಮ ಪಾಲು ಎಲ್ಲಿ?

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಕತ್ತರಿಸುವುದನ್ನು ಯಂತ್ರ ಕಲಿತರೂ, ಮೆತ್ತಗಿನ ಬಟ್ಟೆಯನ್ನು ಹಿಡಿದು ತಿರುಗಿಸುತ್ತಾ ಹೊಲಿಯುವುದನ್ನು ಅಷ್ಟು ಸುಲಭವಾಗಿ ಕಲಿಯಲಿಲ್ಲ. ಆದ್ದರಿಂದ ಹೊಲಿಗೆ ಯಂತ್ರದ ಮುಂದೆ ಇನ್ನೂ ಸಾಲು ಸಾಲಾಗಿ ಹೆಂಗಸರೇ ಕುಳಿತಿದ್ದಾರೆ. ಆದರೆ ಉಡುಪಿನ ರೂಪ ಮತ್ತು ಬಟ್ಟೆಯ ಲೆಕ್ಕ ತೀರ್ಮಾನವಾಗುವುದು ಕ್ಯಾಡ್ ಕೋಣೆಯಲ್ಲಿ. ಬಟ್ಟೆಯನ್ನು ಚೆನ್ನಾಗಿ ಬಲ್ಲವಳು ತುಂಡಿಗಿಷ್ಟು ಎಂಬ ಕೂಲಿಗೆ ಹೊಲಿಯುತ್ತಲೇ ಇದ್ದು, ಸೂಜಿ ಹಿಡಿಯದವನು ಪರದೆಯ ಮುಂದೆ ಕುಳಿತರೆ ಅದರಲ್ಲಿ ನಷ್ಟ ಅವಳೊಬ್ಬಳದಲ್ಲ. ಉಡುಪನ್ನು ತೊಡುವವರದೂ ಹೌದು.

ಮಗುವಿಗೆ ಹಾಲೂಡಿಸುವ ತಾಯಿಯ ಕುರ್ತಾಕ್ಕೆ ಎಲ್ಲಿ ಜಿಪ್ ಇಡಬೇಕು, ಬೆನ್ನು ಬಾಗಿದ ಅಜ್ಜಿಯ ಬುರ್ಖಾ ಹಿಂದೆ ಎಷ್ಟು ಉದ್ದವಿರಬೇಕು ಎಂಬುದನ್ನು ಮನೆಯಲ್ಲಿ ಹೊಲಿಯುವ ಹೆಂಗಸು ಬಲ್ಲಳು. ಕಂಪ್ಯೂಟರ್ ಬಲ್ಲದ್ದು ಸರಾಸರಿ ಅಳತೆಯ ಪಟ್ಟಿಯನ್ನಷ್ಟೇ. ಆ ಪಟ್ಟಿಯೂ ಬಹುಕಾಲ ಹೊರದೇಶಗಳಿಂದಲೇ ಬರುತ್ತಿತ್ತು. ಭಾರತೀಯರದೇ ಅಳತೆಪಟ್ಟಿ ಬೇಕೆಂದು ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಯೋಜನೆ ರೂಪಿಸಿತು. 2018ರಲ್ಲಿ ಪ್ರಕಟವಾದ ಈ ಯೋಜನೆಯಲ್ಲಿ ಬೆಂಗಳೂರೂ ಸೇರಿ ಆರು ನಗರಗಳ ಜನರ ಮೈ ಅಳತೆಯನ್ನು ಸ್ಕ್ಯಾನರ್‌ನಿಂದ ತೆಗೆಯುವ ಉದ್ದೇಶವಿತ್ತು.

ಹೊಲಿಗೆಯಲ್ಲಿ ಆಸಕ್ತಿಯಿರುವ ಹುಡುಗಿಗೆ ಹತ್ತನೇ ತರಗತಿಯ ನಂತರ ಪಾಲಿಟೆಕ್ನಿಕ್‌ಗಳ ಉಡುಪು ವಿನ್ಯಾಸ ಡಿಪ್ಲೊಮಾ ಇದೆ. ಲೋಹ, ಅಚ್ಚು, ಯಂತ್ರಗಳತ್ತ ಒಲವಿದ್ದರೆ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ, ಇಂದು ರಾಜ್ಯದ ಹಲವೆಡೆ ಕೇಂದ್ರಗಳಿರುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಕ್ಯಾಡ್-ಕ್ಯಾಮ್ ಕಲಿಸುತ್ತದೆ. ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ ಹಣ ಕೊಡದೆಯೂ ಕಲಿಕೆ ಆರಂಭಿಸಬಹುದು. ಪ್ಯಾಟರ್ನ್ ಬರೆಯಲು 'ವ್ಯಾಲೆಂಟಿನಾ', ಎಂಬ್ರಾಯಿಡರಿಗೆ 'ಇಂಕ್‌ಸ್ಟಿಚ್', ವಸ್ತುಗಳ ವಿನ್ಯಾಸಕ್ಕೆ 'ಫ್ರೀಕ್ಯಾಡ್' ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳು.

ಕಲಿಯುವ ಮಗಳು ಮೊದಲ ದಿನವೇ ಪರದೆಯ ಮುಂದೆ ಕೂರಬೇಕಾಗಿಲ್ಲ. ಒಂದು ಕುರ್ತಾದ ಅಳತೆಯನ್ನು ಕಾಗದದ ಮೇಲೆ ತಾನೇ ಬರೆದು, ಕತ್ತರಿಸಿ, ಹೊಲಿದು ನೋಡಲಿ. ಎಲ್ಲಿ ಬಿಗಿಯಾಯಿತು, ಏಕೆ ಎಂದು ತಾಯಿಯೊಂದಿಗೆ ಕುಳಿತು ಯೋಚಿಸಲಿ. ಕಂಪ್ಯೂಟರ್ ಅವಳನ್ನು ಮುಂದೆ ಕೇಳುವುದು ಇದೇ ಪ್ರಶ್ನೆಗಳನ್ನು.